ಶಿರಸಿ–ಕುಮಟಾ ರಸ್ತೆಯ ಲಿಫ್ಟ್: ಐದಕ್ಕೆ ಮೂರೂವರೆ

ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಮನೆ ಘಟ್ಟದ ಕೆಳಗೆ, ಕುಮಟಾ ದಾರಿಯಲ್ಲಿ ಸಿಗುವ ಕತಗಾಲದ ಹತ್ತಿರ. ಶನಿವಾರ ಬಸ್ಸಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಶ್ ಇನ್ನೂ ಜಾಸ್ತಿ. ಹಾಗಾಗಿ ಕೈ ತೋರಿಸಿ ಊರಿಗೆ ಹೋಗುವುದೇ ರೂಢಿಯಾಗಿದೆ. ಹೋಟೆಲಿಗೆ, ಮೊಬೈಲಿಗೆ ರಿವ್ಯೂ ಬರೆಯುತ್ತಾರೆ, ಇದಕ್ಕೂ ಒಂದು ಇರಲಿ.

ಹೊಸಬರು ಬಸ್ ಸ್ಟ್ಯಾಂಡ್ ಎದುರೇ ಕೈ ಒಡ್ಡುತ್ತಾರೆ. ಅಲ್ಲಿ ಯಾರೂ ನಿಲ್ಲಿಸುವುದಿಲ್ಲ. ಹಿಂದೆ ಹಾರ್ನ್, ಮುಂದೆ ಆಟೋ, ನಿಲ್ಲಿಸಲು ಜಾಗವಾದರೂ ಎಲ್ಲಿ? ಕುಮಟಾ ರಸ್ತೆಯಲ್ಲಿ ಪೇಟೆ ಮುಗಿಯುವವರೆಗೆ ನಡೆಯಿರಿ. ರಸ್ತೆ ನೇರ ಇರಬೇಕು, ಬದಿಯಲ್ಲಿ ಗಾಡಿ ಇಳಿಸಲು ಮಣ್ಣಿನ ಜಾಗ ಇರಬೇಕು. ತಿರುವಿನಲ್ಲಿ ನಿಂತರೆ ನೀವು ಕಣ್ಣಿಗೆ ಬೀಳುವಷ್ಟರಲ್ಲಿ ಗಾಡಿ ದಾಟಿಯಾಗಿರುತ್ತದೆ.

ಎಲ್ಲಿಯವರೆಗೆ ಅಂತ ಕೇಳದೆ ಹತ್ತಬೇಡಿ. ರಾಗಿಹೊಸಳ್ಳಿವರೆಗೆ ಅಂದರೆ ಅಡ್ಡಿಯಿಲ್ಲ. ಅಲ್ಲಿ ಜನ ಇದ್ದಾರೆ, ಬಸ್ ನಿಲ್ಲುತ್ತದೆ. ದೇವಿಮನೆ ಘಟ್ಟದ ನಡುವೆ ಇಳಿದರೆ ಮಾತ್ರ ಕಷ್ಟ. ಸುತ್ತ ಕಾಡು, ನೆಟ್‌ವರ್ಕ್ ನಂಬುವಂತಿಲ್ಲ. ಇಳಿಜಾರಿನಲ್ಲಿ ಬರುವ ಲಾರಿ ನಿಮಗಾಗಿ ಬ್ರೇಕ್ ಒತ್ತುವುದೂ ಇಲ್ಲ.

ನನಗೆ ಇಷ್ಟದ್ದು ಮೀನಿನ ಗಾಡಿ. ಬೆಳಿಗ್ಗೆ ಘಟ್ಟ ಹತ್ತಿ ಬಂದು, ಕ್ರೇಟ್ ಖಾಲಿ ಮಾಡಿ ಕೆಳಗೆ ಹೊರಟಿರುತ್ತದೆ. ಆ ಡ್ರೈವರ್‌ಗಳಿಗೆ ಪ್ರತಿ ತಿರುವೂ ಗೊತ್ತು. ಬಂಗಡೆ ರೇಟಿನಿಂದ ಶುರುವಾದ ಮಾತು ಮಗಳ ಮದುವೆವರೆಗೆ ಹೋಗುತ್ತದೆ. ಪಕ್ಕದಲ್ಲಿ ಕೂತು ನಿದ್ದೆ ಹೊಡೆಯಬೇಡಿ, ಅವರು ಹತ್ತಿಸಿಕೊಳ್ಳುವುದೇ ಮಾತಿಗೆ ಜನ ಬೇಕು ಅಂತ. ‘ಹಿಂದೆ ಕೂರಿ’ ಅಂದರೆ ಮಾತ್ರ ಬೇಡ ಅನ್ನಿ. ಸರಕಿನ ಗಾಡಿಯ ಹಿಂದೆ ಜನ ಕೂರುವುದು ಕಾನೂನಿಗೆ ವಿರುದ್ಧ, ಏನಾದರೂ ಆದರೆ ವಿಮೆ ಹಣಕ್ಕೂ ಒದ್ದಾಟ. ಇನ್ನು ವಾಸನೆ. ಅಮ್ಮ ನನ್ನ ಅಂಗಿಯನ್ನು ಅಂಗಳದಲ್ಲೇ ಬಿಚ್ಚಿಸುತ್ತಾರೆ. ಅದಕ್ಕೆ ಅರ್ಧ ಅಂಕ ಕಡಿತ.

ಬೈಕಾದರೆ ನಿಮ್ಮದೇ ಹೆಲ್ಮೆಟ್ ಇರಲಿ. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಅದು ಕಡ್ಡಾಯ. ನಾನು ಬ್ಯಾಗಿಗೆ ಹೆಲ್ಮೆಟ್ ಸಿಕ್ಕಿಸಿಕೊಂಡೇ ನಿಲ್ಲುತ್ತೇನೆ. ಬೈಕಿನವರು ಅದನ್ನು ನೋಡಿಯೇ ನಿಲ್ಲಿಸುತ್ತಾರೆ.

ದುಡ್ಡಿನ ಮಾತು ಹತ್ತುವಾಗಲೇ ಮುಗಿಯಲಿ. ಒಮ್ಮೆ ಕಾರಿನವರೊಬ್ಬರು ಇಳಿಯುವಾಗ ಬಸ್ ಚಾರ್ಜಿನ ಎರಡರಷ್ಟು ಕೇಳಿದರು. ‘ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡಿಸುವ ಹಾಗಿಲ್ಲ ಅಲ್ವಾ ಸರ್?’ ಅಂದೆ. ಗಾಜು ಏರಿಸಿ ಹೋದರು.

ಉಳಿದ ಒಂದು ಅಂಕ ಎಲ್ಲಿ ಹೋಯಿತು? ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದರೆ ಈ ವ್ಯವಸ್ಥೆಯೇ ಬಂದ್. ಕತ್ತಲಾದ ಮೇಲೆ ನಾನೇ ಕೈ ತೋರಿಸುವುದಿಲ್ಲ, ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ನಿಂತೇ ಹೋಗುತ್ತೇನೆ. ಶಿರಸಿಯಲ್ಲೇ ಓದುವ ತಂಗಿ ‘ನಾನೂ ಹೀಗೇ ಬರಲಾ?’ ಅಂತ ಕೇಳಿದಾಗ ಒಬ್ಬಳೇ ಬೇಡ ಅಂದಿದ್ದೇನೆ. ಅವಳಿಗೆ ಹೇಗೂ ಬಸ್ ಫ್ರೀ.