ಥೀಸಿಸ್ ಟೈಪಿಂಗ್, ಬೈಂಡಿಂಗ್: ಕನ್ನಡದಲ್ಲಿ ಪಿಎಚ್.ಡಿ. ಮಾಡುವವರು ಧಾರವಾಡದ ಈ ಅಂಗಡಿಗೆ ಯಾಕೆ ಬರಬೇಕು

ಕನ್ನಡದಲ್ಲಿ ಸಮಾಜವಿಜ್ಞಾನದ ಪಿಎಚ್.ಡಿ. ಮಾಡುತ್ತಿರುವವರು ಟೈಪಿಂಗ್ ಅಂಗಡಿಯನ್ನು ಕೊನೆಯ ವರ್ಷ ಹುಡುಕಬೇಡಿ. ಕ್ಷೇತ್ರಕಾರ್ಯಕ್ಕೆ ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಧಾರವಾಡದ ಸುತ್ತಮುತ್ತ ಇರುವವರಾದರೆ ಈ ಅಂಗಡಿಗೆ ಬನ್ನಿ.

ನಾನು ಸಮಾಜಶಾಸ್ತ್ರದವಳು. ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಿಂದ ಮಂಗಳೂರು, ಗೋವಾ, ಬೆಂಗಳೂರಿಗೆ ದುಡಿಮೆ ಹುಡುಕಿ ಗುಳೆ ಹೋಗುವ ಕುಟುಂಬಗಳ ಬಗ್ಗೆ ನನ್ನ ಮಹಾಪ್ರಬಂಧ. ವೈವಾ (ಮೌಖಿಕ ಪರೀಕ್ಷೆ) ಆಗಿ, ಪದವಿಯ ನೋಟಿಫಿಕೇಶನ್ ಕೈಗೆ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲ ಅಧ್ಯಾಯವನ್ನು ಬೇರೊಂದು ಊರಿನ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆ, ಉಳಿದದ್ದೆಲ್ಲ ಇಲ್ಲೇ. ಎರಡೂ ಕಡೆಯ ಕೆಲಸ ನೋಡಿರುವುದರಿಂದ ವ್ಯತ್ಯಾಸ ಎಲ್ಲಿದೆ ಎಂದು ಖಚಿತವಾಗಿ ಹೇಳಬಲ್ಲೆ.

ಒಂದೇ ಶಟರಿನ ಅಂಗಡಿ. ನಾಲ್ಕು ಕಂಪ್ಯೂಟರ್, ಎರಡು ಜೆರಾಕ್ಸ್ ಮಷಿನ್, ಹಿಂದೆ ಬೈಂಡಿಂಗ್ ಮಾಡುವ ಸಣ್ಣ ಕೋಣೆ. ಮಾಲೀಕರೇ ಬಂದವರೊಡನೆ ಮಾತಾಡುತ್ತಾರೆ. ಮೊದಲ ದಿನ ನನ್ನ ಹಸ್ತಪ್ರತಿ ನೋಡುವ ಮುಂಚೆ ಕೇಳಿದ್ದು, "ಮೇಡಂ, ಯೂನಿಕೋಡ್‌ನ್ಯಾಗ ಮಾಡೂಣೋ, ಹಳೇ ನುಡಿಯೊಳಗೋ? ನಿಮ್ಮ ಗೈಡ್ ಏನಂತಾರ?" ಈ ಪ್ರಶ್ನೆಯನ್ನು ಅದುವರೆಗೆ ನನಗೆ ಯಾರೂ ಕೇಳಿರಲಿಲ್ಲ. ಕೋರ್ಸ್‌ವರ್ಕ್‌ನಲ್ಲಿ ಸಂಶೋಧನಾ ವಿಧಾನ ಓದುತ್ತೇವೆ, ಮಾದರಿ ಆಯ್ಕೆ ಕಲಿಯುತ್ತೇವೆ. ಬರೆದದ್ದು ಯಾವ ಅಕ್ಷರದಲ್ಲಿ ಕೂರಬೇಕು ಎನ್ನುವುದನ್ನು ಯಾರೂ ಕಲಿಸುವುದಿಲ್ಲ.

ಇದು ಯಾಕೆ ಮುಖ್ಯ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ತಮ್ಮದೇ ಸಂಕೇತಗಳಿವೆ. ಹಳೆಯ ನುಡಿ, ಹಳೆಯ ಬರಹ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ. ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಕಾಗದದ ಮೇಲೆ ಪ್ರಿಂಟ್ ತೆಗೆದರೆ ಏನೂ ಗೊತ್ತಾಗುವುದಿಲ್ಲ, ಅಕ್ಷರಗಳು ಅಂದವಾಗಿಯೇ ಬರುತ್ತವೆ. ಆದರೆ ಆ ಪಿಡಿಎಫ್‌ನಲ್ಲಿ "ಗುಳೆ" ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ನಕಲು ತೆಗೆದು ಬೇರೆ ಕಡೆ ಅಂಟಿಸಿದರೆ ಅರ್ಥವಿಲ್ಲದ ಗೆರೆಗಳು. ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಬಹುದಲ್ಲ ಎನ್ನುತ್ತೀರಿ. ಪರಿವರ್ತಕಗಳಿವೆ, ಉಚಿತವಾಗಿಯೇ ಸಿಗುತ್ತವೆ. ಆದರೆ ನಮ್ಮ ಬರವಣಿಗೆಯ ನಡುವೆ ಇಂಗ್ಲಿಷ್ ಲೇಖಕರ ಹೆಸರು, ಪುಸ್ತಕದ ಹೆಸರು, ಅಡಿಟಿಪ್ಪಣಿ ಇರುತ್ತವೆ. ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ. ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುತ್ತವೆ. ನನ್ನ ಮೊದಲ ಅಧ್ಯಾಯವನ್ನು ಹೀಗೆ ಪರಿವರ್ತಿಸಿದಾಗ ಗ್ರಂಥಸೂಚಿ ಪೂರ್ತಿ ಹಾಳಾಯಿತು. ಇಲ್ಲಿನವರು ಅದನ್ನು ಸರಿಪಡಿಸುತ್ತಾ ಕೂರದೆ ಹೊಸದಾಗಿ ಟೈಪ್ ಮಾಡಿದರು.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮದ ನಂತರ ಪ್ರತಿ ಥೀಸಿಸ್‌ನ ವಿದ್ಯುನ್ಮಾನ ಪ್ರತಿಯನ್ನೂ ಕೊಡಬೇಕು. ಅವು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಥೀಸಿಸ್ ಭಂಡಾರದಲ್ಲಿ ಎಲ್ಲರ ಓದಿಗೆ ಸೇರುತ್ತವೆ. ವರ್ಷಗಟ್ಟಲೆ ಹೊಲ, ಬಸ್ ಸ್ಟ್ಯಾಂಡ್, ಜೋಪಡಿ ತಿರುಗಿ ಬರೆದದ್ದು ಅಲ್ಲಿಗೆ ಹೋದರೂ ಯಾರ ಹುಡುಕಾಟಕ್ಕೂ ಸಿಗದಂತೆ ಕೂತರೆ ಕನ್ನಡದಲ್ಲಿ ಸಂಶೋಧನೆ ಮಾಡಿದ್ದರ ಅರ್ಧ ಫಲ ಅಲ್ಲೇ ಹೋಯಿತು. ಮುಂದೆ ರಾಯಚೂರಿನದೋ ಯಾದಗಿರಿಯದೋ ಒಬ್ಬ ವಿದ್ಯಾರ್ಥಿನಿ ಗುಳೆಯ ಬಗ್ಗೆ ಕೆಲಸ ಶುರು ಮಾಡಿದರೆ ನನ್ನದು ಅವಳಿಗೆ ಸಿಗಬೇಕು. ಈ ಅಂಗಡಿಯವರು ಇದನ್ನು ತಿಳಿದು ಕೆಲಸ ಮಾಡುತ್ತಾರೆ. ಶೋಧಗಂಗಾಕ್ಕೆ ಬೇಕಾದಂತೆ ಶೀರ್ಷಿಕೆ ಪುಟ, ಪ್ರಮಾಣಪತ್ರ, ಪರಿವಿಡಿ, ಒಂದೊಂದು ಅಧ್ಯಾಯ ಎಲ್ಲವನ್ನೂ ಬೇರೆ ಬೇರೆ ಪಿಡಿಎಫ್ ಮಾಡಿ, ಹುಡುಕಿದರೆ ಪದ ಸಿಗುತ್ತದೆಯೇ ಎಂದು ನನ್ನೆದುರಿಗೇ ಪರೀಕ್ಷಿಸಿ ಕೊಟ್ಟರು.

ನಾನು ಇವರನ್ನು ಹೆಚ್ಚು ಮೆಚ್ಚಿದ್ದು ಇನ್ನೊಂದು ಕಾರಣಕ್ಕೆ. ಸಂದರ್ಶನದ ಮಾತುಗಳನ್ನು ಇಲ್ಲಿ ತಿದ್ದುವುದಿಲ್ಲ. ನನ್ನ ಪ್ರಬಂಧದಲ್ಲಿ ಕುಷ್ಟಗಿ ಕಡೆಯ ಒಬ್ಬ ತಾಯಿಯ ಮಾತಿದೆ: "ಮುಂಗಡ ತಗೊಂಡೀವಿ, ಹೋಗಾಕಬೇಕ್ರಿ. ಹುಡುಗ್ರನ್ನ ಮುದುಕರ ಹಂತ್ಯಾಕ ಬಿಟ್ಟು ಹೊಂಟೀವಿ." ಹಿಂದಿನ ಅಂಗಡಿಯಲ್ಲಿ ಇಂಥ ಮಾತುಗಳೆಲ್ಲ "ಮುಂಗಡ ಪಡೆದಿದ್ದೇವೆ, ಹೋಗಲೇಬೇಕು, ಮಕ್ಕಳನ್ನು ಹಿರಿಯರ ಬಳಿ ಬಿಟ್ಟು ಹೊರಟಿದ್ದೇವೆ" ಎಂಬ ಧಾಟಿಗೆ ಬಂದಿದ್ದವು. ಟೈಪ್ ಮಾಡಿದವರು ಉಪಕಾರವೆಂದೇ ತಿಳಿದು ಮಾಡಿದ್ದರು. ಆದರೆ ಅದು ಆ ತಾಯಿ ಹೇಳಿದ್ದಲ್ಲ. ಉದ್ಧರಣ ಚಿಹ್ನೆಯೊಳಗೆ ಅವರ ಮಾತೇ ಇರಬೇಕು. ಅದು ನನ್ನ ಸಾಕ್ಷ್ಯ. ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಪರೀಕ್ಷಕರ ಮುಂದೆ ನಾನು ಯಾವುದನ್ನು ಆಧಾರವಾಗಿ ತೋರಿಸಲಿ?

ಇಲ್ಲಿ ಟೈಪ್ ಮಾಡುವ ಅಕ್ಕ ಗದಗ ಕಡೆಯವರು. ಆ ಮಾತು ಅವರಿಗೆ ಮನೆಯದು. ಅನುಮಾನ ಬಂದಲ್ಲೆಲ್ಲ ಹಳದಿ ಗುರುತು ಹಾಕಿಟ್ಟು ಫೋನ್ ಮಾಡುತ್ತಿದ್ದರು. "ಮೇಡಂ, ಇಲ್ಲಿ 'ಹೋಗ್ಯಾರ' ಅಂತೈತಿ, ಮುಂದಿನ ಪುಟದಾಗ 'ಹೋಗ್ಯಾರು' ಅಂತ ಬರದೀರಿ. ಎರಡೂ ಅವರು ಅಂದದ್ದೇ ಏನ್ರಿ, ಇಲ್ಲಾ ನಿಮ್ಮ ಕೈತಪ್ಪೋ?" ನಾನು ಧ್ವನಿಮುದ್ರಣ ಮತ್ತೆ ಕೇಳಿ ಹೇಳುವವರೆಗೂ ಆ ಪುಟ ಮುಂದೆ ಹೋಗುತ್ತಿರಲಿಲ್ಲ. ಒಮ್ಮೆ ಅವರೇ, "ಇದನ್ನ ಹೊಡಿಯೂ ಮುಂದ ನನಗ ಅಳು ಬಂತ್ರಿ, ನಮ್ಮ ದೊಡ್ಡವ್ವನೂ ಹಿಂಗ ಹೋಗತಿದ್ಳು" ಅಂದರು. ಗೈಡ್ ಅಲ್ಲದೆ ನನ್ನ ಪ್ರಬಂಧದ ಮೊದಲ ಓದುಗರು ಅವರೇ. ಕೃತಜ್ಞತೆಯ ಪುಟದಲ್ಲಿ ಅವರ ಹೆಸರಿದೆ. ಇಲ್ಲಿ ಬರೆಯುತ್ತಿಲ್ಲ, ಅವರಿಗೆ ಅದು ಇಷ್ಟವಾಗಲಿಕ್ಕಿಲ್ಲ.

ಕೋಷ್ಟಕಗಳ ಕೆಲಸವೂ ಅಚ್ಚುಕಟ್ಟು. ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯು 114 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದ 39, ಅತಿ ಹಿಂದುಳಿದ 40, ಹಿಂದುಳಿದ 35 ಎಂದು ವಿಂಗಡಿಸಿದೆ. ಇದನ್ನು ವಿಭಾಗವಾರು ಒಂದೇ ಪುಟದಲ್ಲಿ ಕೂರಿಸಬೇಕಿತ್ತು. ಕನ್ನಡದ ಊರ ಹೆಸರುಗಳು ಉದ್ದ, ಕಾಲಂ ಒಡೆದು ಅರ್ಧ ಹೆಸರು ಕೆಳಗೆ ಬೀಳುತ್ತದೆ. ಪುಟವನ್ನು ಅಡ್ಡ ಹಾಕಿ, ಅಕ್ಷರ ಒಂದು ಅಳತೆ ಇಳಿಸಿ, ಬೈಂಡಿಂಗ್ ಬದಿಯ ಒಂದೂವರೆ ಇಂಚು ಮಾರ್ಜಿನ್ ಕೆಡದಂತೆ ತಂದರು. ಅಂಕಿಗಳನ್ನು ಮಾತ್ರ ನೀವೇ ಒಂದೊಂದಾಗಿ ತಾಳೆ ನೋಡಬೇಕು, ಅದು ಅವರ ಕೆಲಸವಲ್ಲ.

ಕೃತಿಚೌರ್ಯ ತಪಾಸಣೆಯ ಬಗ್ಗೆ ಎಲ್ಲರೂ ಭಯ ಹುಟ್ಟಿಸುತ್ತಾರೆ. ಯುಜಿಸಿಯ 2018ರ ನಿಯಮದಂತೆ ಬೇರೆ ಬರಹಗಳೊಡನೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಠ್ಯ ಇವನ್ನೆಲ್ಲ ಲೆಕ್ಕದಿಂದ ಹೊರಗಿಡಬೇಕೆಂದು ಅದೇ ನಿಯಮ ಹೇಳುತ್ತದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಕಲಮುಗಳನ್ನು ನಾನು ಹಾಗೆಯೇ ಕೊಟ್ಟಿದ್ದೆ. ಅಂಗಡಿಯವರು ಅವನ್ನು ಬೇರೆ ಶೈಲಿಯಲ್ಲಿ ಒಳಸರಿಸಿ ಕೂರಿಸಿದ್ದರಿಂದ ಯಾವುದು ಕಾಯ್ದೆ, ಯಾವುದು ನನ್ನ ಬರಹ ಎಂದು ನೋಡಿದೊಡನೆ ತಿಳಿಯುತ್ತಿತ್ತು. ಆದರೆ ತಪಾಸಣೆ ಮಾಡುವುದು ವಿಶ್ವವಿದ್ಯಾಲಯ, ಅಂಗಡಿಯಲ್ಲ. "ಪರ್ಸೆಂಟೇಜ್ ಇಳಿಸಿಕೊಡ್ರಿ" ಎಂದು ಬಂದವರನ್ನು ಮಾಲೀಕರು ಒಪ್ಪದೆ ಕಳಿಸಿದ್ದನ್ನು ನೋಡಿದ್ದೇನೆ. ಇನ್ನೊಬ್ಬರು ಒಂದಿಡೀ ಅಧ್ಯಾಯ ಬರೆಸಿಕೊಡಿ, ಎಷ್ಟಾದರೂ ಕೊಡುತ್ತೇನೆ ಎಂದರು. "ನೀವು ಬರದದ್ದನ್ನ ಚಂದಾಗಿ ಹಾಕಿಕೊಡೂದು ನಮ್ಮ ಕೆಲಸ್ರಿ. ಬರಿಯೂದು ನಿಮ್ಮದು" ಎಂದು ಹೇಳಿ ಜೆರಾಕ್ಸ್ ಕಡೆ ತಿರುಗಿದರು. ಅಷ್ಟಕ್ಕೇ ಈ ಅಂಗಡಿಗೆ ಪೂರ್ತಿ ಅಂಕ ಕೊಡಬಹುದು. ಹಣ ಕೊಟ್ಟು ಬರೆಸಿದ ಒಂದೊಂದು ಪ್ರಬಂಧವೂ ಹಗಲು ಪಾಠ ಮಾಡಿ ರಾತ್ರಿ ಬರೆಯುವವರ ಪದವಿಯ ಬೆಲೆ ತೆಗೆಯುತ್ತದೆ.

ದರ: ನನಗೆ ಹಾಕಿದ್ದು ಕನ್ನಡ ಟೈಪಿಂಗ್ ಪುಟಕ್ಕೆ 40 ರೂಪಾಯಿ, ಮೊದಲ ಸುತ್ತಿನ ತಿದ್ದುಪಡಿ ಅದರಲ್ಲೇ ಸೇರಿ. ಆಮೇಲಿನ ತಿದ್ದುಪಡಿಗೆ ಪುಟಕ್ಕೆ 5. ಬಾಂಡ್ ಪೇಪರ್ ಮೇಲೆ ಪ್ರಿಂಟ್ 2, ಕಲರ್ 10. ರೆಕ್ಸಿನ್ ಬೈಂಡಿಂಗ್, ಬಂಗಾರದ ಬಣ್ಣದ ಅಕ್ಷರ ಸೇರಿ ಪ್ರತಿಗೆ 350. ಐದು ಪ್ರತಿ ಸೇರಿ ನನಗೆ 18,000 ರೂಪಾಯಿಯ ಹತ್ತಿರ ಬಂತು. ಕಡಿಮೆಯೇನಲ್ಲ. ರಜೆಯ ತಿಂಗಳು ಸಂಬಳವಿಲ್ಲದ ನಮ್ಮಂಥವರಿಗೆ ಅಧ್ಯಾಯ ಮುಗಿದ ಹಾಗೆ ಕೊಡುತ್ತಾ ಬನ್ನಿ ಎಂದದ್ದು ದೊಡ್ಡ ಅನುಕೂಲ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಇರುವವರು ಕಂಟಿಂಜೆನ್ಸಿಗೆ, ಅಂದರೆ ಬಿಡಿ ಖರ್ಚಿನ ಅನುದಾನಕ್ಕೆ ಹಾಕಲು ಬಿಲ್ ಬೇಕೆಂದು ಆ ದಿನವೇ ಕೇಳಿ. ತಿಂಗಳ ನಂತರ ಹೋಗಿ ಹಳೆಯ ತಾರೀಖಿನ ಬಿಲ್ ಕೇಳಿದರೆ ಕೊಡುವುದಿಲ್ಲ, ಕೊಡಬಾರದು ಕೂಡ.

ಸರಿಯಾಗಬೇಕಾದದ್ದೂ ಇದೆ. ಎಲ್ಲರ ಪೆನ್‌ಡ್ರೈವ್ ಅದೇ ಕಂಪ್ಯೂಟರುಗಳಿಗೆ ಬೀಳುತ್ತವೆ. ನಮ್ಮ ಕಡತಗಳಲ್ಲಿ ಜನರ ಬದುಕಿರುತ್ತದೆ: ಯಾರು ಯಾವ ಮೇಸ್ತ್ರಿಗೆ ಎಷ್ಟು ಬಾಕಿ, ಯಾರ ಮಗಳನ್ನು ಶಾಲೆ ಬಿಡಿಸಿದರು. ಹೆಸರು, ಊರು ಬದಲಿಸದೆ ಹಸ್ತಪ್ರತಿಯನ್ನು ಯಾವ ಅಂಗಡಿಗೂ ಕೊಡಬೇಡಿ. ಬದಲಿ ಹೆಸರುಗಳ ಪಟ್ಟಿ ಮನೆಯಲ್ಲೇ ಇರಲಿ. ನಾನು ಹೇಳಿದ ಮೇಲೆ ನನ್ನ ಫೋಲ್ಡರಿಗೆ ಪಾಸ್‌ವರ್ಡ್ ಹಾಕಿದರು, ವೈವಾ ಮುಗಿದ ಮೇಲೆ ನನ್ನೆದುರೇ ಅಳಿಸಿದರು. ಕೇಳದೆ ಇದ್ದರೆ ಮಾಡುತ್ತಿರಲಿಲ್ಲ. ಇದು ಎಲ್ಲ ಸ್ಕಾಲರುಗಳಿಗೂ ತಾನಾಗಿ ಸಿಗಬೇಕಾದ ಸೌಲಭ್ಯ, ಮಾಲೀಕರು ಇದನ್ನು ಓದಿದರೆ ದಯವಿಟ್ಟು ಗಮನಿಸಲಿ. ದರಪಟ್ಟಿ ಗೋಡೆಯ ಮೇಲೆ ಇಲ್ಲ. ಹೆಣ್ಣುಮಕ್ಕಳು ಸಂಜೆ ಪ್ರೂಫ್ ನೋಡುತ್ತಾ ಕೂರಲು ಸರಿಯಾದ ಜಾಗವೂ ಇಲ್ಲ, ರಸ್ತೆಗೆ ಮುಖ ಮಾಡಿದ ಒಂದು ಬೆಂಚಷ್ಟೇ.

ಸಬ್ಮಿಷನ್ ಗಡುವಿನ ವಾರಗಳಲ್ಲಿ ಇಲ್ಲಿ ಕಾಲಿಡಲು ಆಗುವುದಿಲ್ಲ. ಬೈಂಡಿಂಗ್ ನಾಳೆ ಎಂದದ್ದು ಮೂರು ದಿನವಾಗುತ್ತದೆ. 2022ರ ಯುಜಿಸಿ ನಿಯಮದಲ್ಲಿ ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷದ ಅವಕಾಶವಿದೆ. ಇಷ್ಟು ಕಾಲ ಇದ್ದರೂ ಎಲ್ಲರೂ ಕೊನೆಯ ತಿಂಗಳಲ್ಲೇ ಬರುತ್ತಾರೆ ಎಂದು ಅಕ್ಕ ನೊಂದುಕೊಳ್ಳುತ್ತಾರೆ. ಒಂದೊಂದು ಅಧ್ಯಾಯ ಗೈಡ್ ಒಪ್ಪಿದ ಹಾಗೆ ತಂದು ಕೊಡಿ. ಹೊರಗಿನ ಇಬ್ಬರು ಪರೀಕ್ಷಕರ ವರದಿ ಬಂದ ಮೇಲೆ ತಿದ್ದುಪಡಿ ಕೇಳಿದರೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ, ಆದ್ದರಿಂದ ಮೂಲ ವರ್ಡ್ ಕಡತವನ್ನು ನೀವೂ ಒಂದು ಇಟ್ಟುಕೊಳ್ಳಿ. ಬರುವಾಗ ನಿಮ್ಮ ವಿಶ್ವವಿದ್ಯಾಲಯದ ಥೀಸಿಸ್ ಮಾದರಿಯ ಪ್ರತಿ, ರೆಕ್ಸಿನ್ ಬಣ್ಣ ಯಾವುದೆಂಬ ಸುತ್ತೋಲೆ ಜೊತೆಗಿರಲಿ. ಭಾನುವಾರ ರಜೆ. ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಹೋದರೆ ಅಕ್ಕ ಪಕ್ಕದಲ್ಲಿ ಕೂರಿಸಿಕೊಂಡು ಪುಟ ಪುಟ ತೋರಿಸುತ್ತಾರೆ.