ರಬ್ಬರ್ ಬೆರೆಸಿದ ಡಾಂಬರು: ವರ್ಷಗಟ್ಟಲೆ ಬಳಸಿದ ಮೇಲೆ ಅನಿಸಿದ್ದು

ಹಳೇ ಟಯರ್ ಪುಡಿ ಬೆರೆಸಿದ ಡಾಂಬರನ್ನು ನಾನು ರಸ್ತೆ ಕೆಲಸದಲ್ಲಿ ಬಹಳ ಕಾಲದಿಂದ ಬಳಸುತ್ತಿದ್ದೇನೆ. ಡಾಂಬರು ಬೆರೆಸುವ ಪ್ಲಾಂಟಿನಲ್ಲಿ ನಿಂತಿದ್ದೇನೆ, ರಸ್ತೆಗೆ ಮಾಲು ಹಾಸುವ ಯಂತ್ರ, ಅಂದರೆ ಪೇವರ್ ಹಿಂದೆ ನಡೆದಿದ್ದೇನೆ, ಹಾಕಿದ ರಸ್ತೆ ಮಳೆ ಬಿಸಿಲಿಗೆ ಏನಾಯ್ತು ಅಂತ ಆಮೇಲೂ ಹೋಗಿ ನೋಡಿದ್ದೇನೆ. ಒಳ್ಳೆಯ ಮಾಲು. ಆದರೆ ಟ್ಯಾಂಕಿಗೆ ತುಂಬಿಸಿ ಮರೆತುಬಿಡುವಂಥದ್ದಲ್ಲ.

ಇದರ ನಿಜವಾದ ಬಲ ಬಿರುಕು ತಡೆಯುವುದರಲ್ಲಿದೆ. ಹಳೇ ರಸ್ತೆ ಮೇಲೆ ಹೊಸ ಪದರ ಹಾಕಿದರೆ ಅಡಿಯ ಬಿರುಕು ಅದೇ ಗೆರೆ ಹಿಡಿದು ಮೇಲೆ ಬರುತ್ತದೆ. ರಬ್ಬರ್ ಡಾಂಬರಿನಲ್ಲಿ ಅದು ತುಂಬಾ ನಿಧಾನ. ಒಂದೇ ರಸ್ತೆಯಲ್ಲಿ ಸ್ವಲ್ಪ ದೂರ ಮಾಮೂಲಿ ಡಾಂಬರು, ಮುಂದಕ್ಕೆ ರಬ್ಬರ್ ಡಾಂಬರು ಹಾಕಿದ್ದೆವು. ಈಗ ಮಾಮೂಲಿ ಕಡೆ ಬಿರುಕುಗಳು ಒಂದಕ್ಕೊಂದು ಸೇರಿಕೊಂಡು ಜಲ್ಲಿ ಕಿತ್ತು ಬರುತ್ತಿದೆ. ಜಾಯಿಂಟ್ ದಾಟಿದರೆ ಅಲ್ಲೊಂದು ಇಲ್ಲೊಂದು ಕೂದಲೆಳೆ ಗೆರೆ, ಅಷ್ಟೇ. ಬಿಸಿಲಿಗೆ ಮೆತ್ತಗಾಗಿ ಗಾಲಿ ಜಾಡು ಬೀಳುವುದೂ ಕಡಿಮೆ.

ಹೀಗಾಗಲು ಕಾರಣ ಇದೆ. ಟಯರ್ ರಬ್ಬರನ್ನು ಗಂಧಕ ಹಾಕಿ ಬೇಯಿಸಿರುತ್ತಾರೆ. ಹಾಗಾಗಿ ಬಿಸಿ ಡಾಂಬರಿನಲ್ಲಿ ಅದು ಸುಮ್ನೆ ಕರಗಿಹೋಗುವುದಿಲ್ಲ. ಡಾಂಬರಿನ ಹಗುರವಾದ ಎಣ್ಣೆಯಂಶ ಹೀರಿಕೊಂಡು ಉಬ್ಬುತ್ತದೆ. ಡಾಂಬರು ಮಂದವಾಗುತ್ತದೆ, ಪ್ರತಿ ಕಲ್ಲಿನ ಮೇಲೂ ದಪ್ಪ ಪದರ ಕೂರುತ್ತದೆ. ಟಯರಿನಲ್ಲಿರುವ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಂಥ ಕಪ್ಪು ಪುಡಿ, ಡಾಂಬರು ಬೇಗ ಗಡುಸಾಗದಂತೆ ನೋಡಿಕೊಳ್ಳುತ್ತದೆ. 1960ರ ದಶಕದಲ್ಲಿ ಅಮೆರಿಕದ ಫೀನಿಕ್ಸ್ ನಗರದ ಇಂಜಿನಿಯರ್ ಚಾರ್ಲ್ಸ್ ಮೆಕ್‌ಡೊನಾಲ್ಡ್ ಈ ವಿಧಾನ ರೂಪಿಸಿದ್ದು. ಶುರುವಿನಲ್ಲಿ ಅದು ಕೆಟ್ಟ ಜಾಗಕ್ಕೆ ತೇಪೆ ಹಾಕುವ ಮಾಲಾಗಿತ್ತು.

ಇನ್ನು ತೊಂದರೆಗಳು. ಡಾಂಬರಿನ ತೂಕದಲ್ಲಿ ಸುಮಾರು 15ರಿಂದ 20 ಪರ್ಸೆಂಟ್ ಪುಡಿ ಹಾಕಿ, 175 ಡಿಗ್ರಿಗಿಂತ ಮೇಲೆ ಮುಕ್ಕಾಲು ಗಂಟೆಯಾದರೂ ಕಲಕಬೇಕು. ಆಮೇಲೂ ಕಲಕುವುದು ನಿಲ್ಲಬಾರದು. ನಿಂತರೆ ರಬ್ಬರ್ ತಳ ಸೇರುತ್ತದೆ. ಒಮ್ಮೆ ಒಬ್ಬ ಸರಬರಾಜುದಾರ ಕಲಕುವ ವ್ಯವಸ್ಥೆಯೇ ಇಲ್ಲದ ಟ್ಯಾಂಕರ್ ಕಳಿಸಿದ್ದ. ಮೇಲಿಂದ ತೆಗೆದ ಡಾಂಬರು ನುಣ್ಣಗೆ ಹರಿಯಿತು. ತಳದ್ದು ತರಿ ತರಿಯಾಗಿ, ಮುದ್ದೆ ಮುದ್ದೆಯಾಗಿ ಬಿತ್ತು. ಇಂಥ ಲೋಡ್ ಬಳಸಿದರೆ ರಸ್ತೆಯ ಒಂದು ಕಡೆ ರಬ್ಬರ್ ಇರಲ್ಲ, ಇನ್ನೊಂದು ಕಡೆ ಜಾಸ್ತಿ ಆಗಿರುತ್ತದೆ. ಹಾಗಂತ ಜಾಸ್ತಿ ಹೊತ್ತು ಕಾಸಿದರೂ ಕೆಡುಕೇ. ರಬ್ಬರ್ ಒಡೆದು ಡಾಂಬರು ಮತ್ತೆ ತೆಳ್ಳಗಾಗುತ್ತದೆ. ಆದ್ದರಿಂದ ಲೋಡ್ ಬಂದ ತಕ್ಷಣ ಮೇಲಿನದೊಂದು, ತಳದ್ದೊಂದು ಸ್ಯಾಂಪಲ್ ತೆಗೆಸಿ. ಯಾವಾಗ ಬೆರೆಸಿದ್ದು ಅಂತಲೂ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಲೋಡ್ ಇಳಿಸಿಕೊಳ್ಳಬೇಡಿ.

ಪುಡಿಯನ್ನು ನೇರವಾಗಿ ಜಲ್ಲಿ ಜೊತೆ ಹಾಕುವ ಒಣ ವಿಧಾನವೂ ಇದೆ. ಸುಲಭ ನಿಜ, ಆದರೆ ನನಗೆ ಅದರ ಮೇಲೆ ಅಷ್ಟು ಭರವಸೆ ಇಲ್ಲ. ಡಾಂಬರು ಹೀರಲು ರಬ್ಬರಿಗೆ ಸಮಯ ಸಾಲುವುದಿಲ್ಲ, ಆಮೇಲೆ ಜಲ್ಲಿ ಬಿಡುವ ಸಾಧ್ಯತೆ ಹೆಚ್ಚು.

ಹಾಸುವಾಗ ಬೇಗ ಬೇಗ ಕೆಲಸ ಮುಗಿಸಬೇಕು. ಆರಿದರೆ ಎಷ್ಟು ಸಲ ರೋಲರ್ ಓಡಿಸಿದರೂ ಗಟ್ಟಿಯಾಗಿ ಕೂರುವುದಿಲ್ಲ. ರೋಲರ್ ಉಕ್ಕಿನದ್ದೇ ಇರಲಿ. ಟಯರ್ ರೋಲರಿಗೆ ಮಾಲು ಅಂಟಿಕೊಂಡು ಎದ್ದು ಬರುತ್ತದೆ. ಪ್ಲಾಂಟ್ ದೂರ ಇದ್ದರೆ, ಹವಾ ತಣ್ಣಗಿದ್ದರೆ ನಾನಂತೂ ಇದನ್ನು ಹಾಕಿಸುವುದಿಲ್ಲ. ಅಡಿಪಾಯ ಕುಸಿದ, ನೀರು ನಿಲ್ಲುವ ರಸ್ತೆಗೂ ಇದು ಮದ್ದಲ್ಲ, ಅಲ್ಲಿ ಮೊದಲು ಚರಂಡಿ ಸರಿಯಾಗಬೇಕು.

ಗಾಡಿ ಓಡುವ ಸದ್ದು ಹೊಸದರಲ್ಲಿ ಚೆನ್ನಾಗಿಯೇ ಕಡಿಮೆ ಇರುತ್ತದೆ. ವರ್ಷ ಕಳೆದಂತೆ ರಂಧ್ರಗಳಲ್ಲಿ ಮಣ್ಣು ತುಂಬಿ ಸದ್ದು ಸ್ವಲ್ಪ ಏರುತ್ತದೆ.

ಇಷ್ಟು ಕಷ್ಟಪಟ್ಟು ಯಾಕೆ ಬಳಸಬೇಕು ಅಂತ ಕೇಳುವವರಿಗೆ ಟಯರ್ ರಾಶಿಯನ್ನು ತೋರಿಸಬೇಕು. ಮಳೆ ನೀರು ನಿಂತು ಸೊಳ್ಳೆ ಹುಟ್ಟುತ್ತವೆ. ಬೆಂಕಿ ಬಿದ್ದರೆ ಆರಿಸುವುದೇ ಕಷ್ಟ. 1983ರಲ್ಲಿ ಅಮೆರಿಕದ ವರ್ಜೀನಿಯಾದ ವಿಂಚೆಸ್ಟರ್ ಹತ್ತಿರ ಹತ್ತಿಕೊಂಡ ಟಯರ್ ರಾಶಿ ತಿಂಗಳುಗಟ್ಟಲೆ ಉರಿಯಿತು. ಅದೇ ಟಯರ್ ರಸ್ತೆಯೊಳಗೆ ಸೇರಿ ರಸ್ತೆಯ ಆಯಸ್ಸು ಹೆಚ್ಚಿಸುವುದಾದರೆ ನಾನು ಖುಷಿಯಿಂದ ಹಾಕುತ್ತೇನೆ.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತದೆ. ಶಾಖ ಜಾಸ್ತಿ ಇರುವುದರಿಂದ ಹೊಗೆ, ವಾಸನೆ ಎರಡೂ ಜಾಸ್ತಿ. ಪೇವರ್ ಪಕ್ಕ ನಿಂತವರ ಕಣ್ಣು ಉರಿಯುತ್ತದೆ. ಕಡಿಮೆ ಶಾಖದಲ್ಲೇ ಹಾಸಲು ಅನುವಾಗುವ ವಾರ್ಮ್ ಮಿಕ್ಸ್ ರಾಸಾಯನಿಕ ಸಿಗುತ್ತದೆ. ಟೆಂಡರಿನಲ್ಲೇ ಅದನ್ನು ಬರೆಸಿ, ಕೆಲಸದವರಿಗೆ ಒಳ್ಳೆ ಮಾಸ್ಕ್ ಕೊಡಿ, ಪೇವರ್ ಹತ್ತಿರ ಒಬ್ಬರನ್ನೇ ಇಡೀ ದಿನ ನಿಲ್ಲಿಸಬೇಡಿ.