ದಾವಣಗೆರೆಯಿಂದ ದೆಹಲಿಗೆ: ಹುಬ್ಬಳ್ಳಿ ಮೇಲೋ, ಬೆಂಗಳೂರು ಮೇಲೋ?

ಬೆಂಗಳೂರಿನಿಂದ ದೆಹಲಿಗೆ ಆಕಾಶದಲ್ಲಿ ಸುಮಾರು 1,700 ಕಿ.ಮೀ., ಹುಬ್ಬಳ್ಳಿಯಿಂದ ಸುಮಾರು 1,480. ವಿಮಾನದೊಳಗೆ ಕೂತವರಿಗೆ ಈ ವ್ಯತ್ಯಾಸ ಹೆಚ್ಚುಕಡಿಮೆ ಕಾಲು ಗಂಟೆ ಅಷ್ಟೇ. ನಮ್ಮ ಊರಿನವರ ಹೊತ್ತು ಹೋಗುವುದೆಲ್ಲ ನೆಲದ ಮೇಲೆ. ಮಗಳು ದೆಹಲಿಯಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಎರಡೂ ದಾರಿ ಹಿಡಿದು ನೋಡಿದ್ದೇನೆ.

ಬೆಂಗಳೂರಿನ ದಾರಿಯಲ್ಲಿ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರುತ್ತೇವೆ. ಹೀಗೆ ಹೋದರೆ ಸಿಟಿ ಟ್ರಾಫಿಕ್ ತಪ್ಪುತ್ತದೆ. ಆದರೂ ಊಟ, ತಿಂಡಿ ಸೇರಿ ಐದು ಗಂಟೆ ಬೇಕು. ಒಂದೂವರೆ ಗಂಟೆ ಮುಂಚೆ ತಲುಪಿರಬೇಕು ಅಂದರೆ ಹನ್ನೊಂದೂವರೆಯ ವಿಮಾನಕ್ಕೆ ಐದಕ್ಕೆಲ್ಲ ಮನೆ ಬಿಡಬೇಕು. ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲಿನಲ್ಲೂ ಹೋಗಿ ನೋಡಿದೆ. ಮಧ್ಯಾಹ್ನ ದಾವಣಗೆರೆ ಬಿಟ್ಟು ಯಶವಂತಪುರದಲ್ಲಿ ಇಳಿಯುವಾಗ ಕತ್ತಲಾಗಿರುತ್ತದೆ. ಅಲ್ಲಿಂದ ಟ್ಯಾಕ್ಸಿ ಹಿಡಿದು, ರಾತ್ರಿ ವಿಮಾನ ಹತ್ತಿ, ದೆಹಲಿಯಲ್ಲಿ ಕಾಲಿಡುವಷ್ಟರಲ್ಲಿ ನಡುರಾತ್ರಿ. ರೈಲು ಸುಖವಾಗಿದೆ, ಹೊತ್ತು ಮಾತ್ರ ಉಳಿಯುವುದಿಲ್ಲ.

ಹುಬ್ಬಳ್ಳಿಯಿಂದ ದೆಹಲಿಗೆ ನೇರ ವಿಮಾನ ಶುರುವಾಗಿದ್ದು 2022ರ ನವೆಂಬರ್‌ನಲ್ಲಿ. ಹರಿಹರ, ರಾಣೆಬೆನ್ನೂರು, ಹಾವೇರಿ, ಶಿಗ್ಗಾವಿ ದಾಟಿದರೆ ಗೋಕುಲ ರಸ್ತೆಯ ವಿಮಾನ ನಿಲ್ದಾಣ. ಕಾರಿನಲ್ಲಿ ಎರಡೂವರೆ ಗಂಟೆ ಸಾಕು. ನಿಲ್ದಾಣ ಚಿಕ್ಕದು, ಬಾಗಿಲಿಂದ ಗೇಟ್‌ವರೆಗೆ ನಾಲ್ಕು ಹೆಜ್ಜೆ. ಮೊಣಕಾಲು ನೋವಿನ ಅಮ್ಮನನ್ನು ಕರೆದುಕೊಂಡು ಹೋದಾಗ ಇದರ ಬೆಲೆ ತಿಳಿಯಿತು. ಬೆಂಗಳೂರಿನಲ್ಲಿ ಅವರಿಗೆ ವೀಲ್‌ಚೇರ್ ಕೇಳಲೇಬೇಕು, ಇಲ್ಲಿ ನನ್ನ ಕೈ ಹಿಡಿದು ನಡೆದೇಬಿಟ್ಟರು. ಮನೆಯಿಂದ ದೆಹಲಿ ನೆಲ ಮುಟ್ಟುವವರೆಗೆ ಆರೂವರೆ ಗಂಟೆಯೊಳಗೆ ಮುಗಿಯುತ್ತದೆ. ಬೆಂಗಳೂರಿನ ಮೇಲಾದರೆ ಒಂಬತ್ತಕ್ಕೂ ಹೆಚ್ಚು.

ಶಿವಮೊಗ್ಗದ ಸೋಗಾನೆ ನಿಲ್ದಾಣ ನಮಗೆ ಇನ್ನೂ ಹತ್ತಿರ. ಆದರೆ ನಾನು ಹುಡುಕಿದಾಗಲೆಲ್ಲ ದೆಹಲಿಗೆ ನೇರ ವಿಮಾನ ಸಿಗದೆ, ನಡುವೆ ವಿಮಾನ ಬದಲಿಸಬೇಕಿತ್ತು. ಉಳಿಸಿದ ಹೊತ್ತೆಲ್ಲ ಕಾಯುವುದಕ್ಕೇ ಹೋಗುತ್ತದೆ ಅಂತ ಬಿಟ್ಟೆ. ಸಂಪರ್ಕ ಕ್ರಾಂತಿ ರೈಲಿನಲ್ಲಿ ಎರಡು ರಾತ್ರಿ. ರಜೆ ಧಾರಾಳವಾಗಿದ್ದವರಿಗೆ ಸರಿ. ರೊಟ್ಟಿ, ಚಟ್ನಿಪುಡಿ, ಮಂಡಕ್ಕಿಯ ಚೀಲಕ್ಕೆ 15 ಕೆ.ಜಿ. ಮಿತಿಯೂ ಇರುವುದಿಲ್ಲ.

ಹುಬ್ಬಳ್ಳಿಯ ದೊಡ್ಡ ಕೊರತೆ ಅಂದರೆ ದಿನಕ್ಕೆ ಒಂದೇ ವಿಮಾನ. ಡಿಸೆಂಬರ್ ಕೊನೆ, ಜನವರಿಯಲ್ಲಿ ದೆಹಲಿಯಲ್ಲಿ ದಟ್ಟ ಮಂಜು ಬಿದ್ದು ಓಡುದಾರಿಯೇ ಕಾಣದಂತಾಗುತ್ತದೆ. ಆಗ ಅದೊಂದು ರದ್ದಾದರೆ ನಾಳೆವರೆಗೆ ಹುಬ್ಬಳ್ಳಿಯಲ್ಲೇ ಉಳಿಯಬೇಕು. ಬೆಂಗಳೂರಿನಲ್ಲಿ ಒಂದು ತಪ್ಪಿದರೂ ಅದೇ ದಿನ ಮತ್ತೊಂದಕ್ಕೆ ಪ್ರಯತ್ನಿಸಬಹುದು, ಟಿಕೆಟ್ಟೂ ಸಾಮಾನ್ಯವಾಗಿ ಅಗ್ಗ. ಹಾಗಾಗಿ ಆ ಎರಡು ತಿಂಗಳು ನಾನು ಬೆಂಗಳೂರಿಂದಲೇ, ಅದೂ ಮಂಜು ಕರಗಿದ ಮೇಲೆ ಮಧ್ಯಾಹ್ನ ಇಳಿಯುವ ವಿಮಾನವನ್ನೇ ಬುಕ್ ಮಾಡುತ್ತೇನೆ. ಉಳಿದ ಹತ್ತು ತಿಂಗಳೂ ಹುಬ್ಬಳ್ಳಿಯೇ.